ನ್ಯೂಯಾರ್ಕ್‌ನ ನೀರು, ಕ್ಯಾಟ್ಸ್‌ಕಿಲ್‌ನ ಹಳ್ಳಿಗಳು: 1997ರ ಒಪ್ಪಂದದ ಪ್ರಕರಣ ಅಧ್ಯಯನ

ನದಿ ಉಳಿಸಲು ಓಡಾಡುವವರು, ಜಮೀನು ಕಾಪಾಡುವ ಟ್ರಸ್ಟ್‌ನವರು, ಪರಿಸರ ಯೋಜನೆ ರೂಪಿಸುವವರು ಒಂದೆಡೆ ಸೇರಿದರೆ ನ್ಯೂಯಾರ್ಕ್ ನಗರದ ನೀರಿನ ಮಾತು ಬಂದೇ ಬರುತ್ತದೆ. ಸಾಮಾನ್ಯವಾಗಿ ಅದನ್ನು ಮೂರ್ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ನೀರು ಸೋಸುವ ದೊಡ್ಡ ಘಟಕ ಕಟ್ಟಲು 600ರಿಂದ 800 ಕೋಟಿ ಡಾಲರ್ ಬೇಕಿತ್ತು. ನಗರ ಅದನ್ನು ಕಟ್ಟಲಿಲ್ಲ. ಬದಲಿಗೆ ಸುಮಾರು 150 ಕೋಟಿ ಡಾಲರ್ ಹಾಕಿ, ನೀರು ಹುಟ್ಟುವ ಕ್ಯಾಟ್ಸ್‌ಕಿಲ್ ಬೆಟ್ಟಸೀಮೆಯ ಕಾಡು, ಹೊಳೆಗಳನ್ನು ಕಾಪಾಡಿತು. ನೀರು ಶುದ್ಧವಾಗಿ ಉಳಿಯಿತು, ದುಡ್ಡೂ ಉಳಿಯಿತು.

ಲೆಕ್ಕ ಸುಳ್ಳಲ್ಲ. ಆದರೆ ಕತೆಯನ್ನು ಹೀಗೆ ಹೇಳಿದರೆ ಅಸಲಿ ಕೆಲಸ ಕಾಣುವುದೇ ಇಲ್ಲ. ಕಾಡಿನ ಜೊತೆ ಯಾರೂ ಒಪ್ಪಂದ ಮಾಡಿಕೊಳ್ಳಲಾಗದು. ಒಪ್ಪಂದ ಆಗಿದ್ದು ನಗರ ಮತ್ತು ಬೆಟ್ಟದ ಊರುಗಳ ನಡುವೆ, ಒಬ್ಬರನ್ನೊಬ್ಬರು ಚೂರೂ ನಂಬದ ಜನರ ನಡುವೆ. ಅವರಲ್ಲಿ ಶಕ್ತಿವಂತ ಪಕ್ಷ ತನ್ನ ಕೈಯನ್ನು ತಾನೇ ಎಷ್ಟು ಕಟ್ಟಿಕೊಂಡಿತು ಎಂಬುದನ್ನು ನೋಡಿದರೆ ಈ ಪ್ರಕರಣ ಅರ್ಥವಾಗುತ್ತದೆ ಎಂದು ನನಗೆ ಅನಿಸುತ್ತದೆ.

ನೀರು ಬರುವ ದಾರಿ

ನ್ಯೂಯಾರ್ಕ್ ನಗರ ಮತ್ತು ಅದರ ಆಸುಪಾಸಿನ ಸುಮಾರು 90 ಲಕ್ಷ ಜನರಿಗೆ ದಿನಕ್ಕೆ ನೂರು ಕೋಟಿ ಗ್ಯಾಲನ್‌ನಷ್ಟು ನೀರು ಬೇಕು. ಲೀಟರ್ ಲೆಕ್ಕದಲ್ಲಿ 380 ಕೋಟಿ. ಇದರಲ್ಲಿ ಶೇ. 90ರಷ್ಟು ಬರುವುದು ಹಡ್ಸನ್ ನದಿಯ ಪಶ್ಚಿಮಕ್ಕಿರುವ ಕ್ಯಾಟ್ಸ್‌ಕಿಲ್ ಮತ್ತು ಡೆಲವೇರ್ ವ್ಯವಸ್ಥೆಗಳಿಂದ. ಉಳಿದದ್ದು ನಗರಕ್ಕೆ ಹತ್ತಿರದ ಕ್ರೋಟನ್‌ನಿಂದ. ಬೆಟ್ಟದ ಮೇಲಿನ ಜಲಾಶಯಗಳಿಂದ ಸುರಂಗಗಳಲ್ಲಿ ಇಳಿಜಾರಿನ ಮೇಲೆಯೇ ನೀರು ಹರಿದು ಬರುತ್ತದೆ. ಪಂಪ್ ಬೇಕಾಗುವುದು ತೀರಾ ಕಡಿಮೆ. ಅತ್ಯಂತ ದೂರದ ಜಲಾಶಯ ನಗರದಿಂದ ಸುಮಾರು 200 ಕಿ.ಮೀ. ಆಚೆ ಇದೆ.

ಇಡೀ ಜಲಾನಯನ ಪ್ರದೇಶ ಸುಮಾರು 2,000 ಚದರ ಮೈಲಿ. ಅದರಲ್ಲಿ ಕ್ಯಾಟ್ಸ್‌ಕಿಲ್-ಡೆಲವೇರ್ ಭಾಗವೇ 1,600 ಚದರ ಮೈಲಿ. ಇಷ್ಟು ದೊಡ್ಡ ನೆಲದಲ್ಲಿ 1997ಕ್ಕಿಂತ ಮೊದಲು ಜಲಾಶಯಗಳನ್ನು ಬಿಟ್ಟರೆ ನಗರದ ಕೈಯಲ್ಲಿದ್ದದ್ದು ಶೇ. 4ಕ್ಕಿಂತಲೂ ಕಡಿಮೆ. ರಾಜ್ಯದ ರಕ್ಷಿತ ಕಾಡು ಸುಮಾರು ಐದನೇ ಒಂದು ಭಾಗ. ಆ ಕಾಡು 1885ರಿಂದಲೇ ಕಾನೂನಿನ ರಕ್ಷಣೆಯಲ್ಲಿದೆ. ಉಳಿದ ಮುಕ್ಕಾಲು ಭಾಗ ಖಾಸಗಿ ಜಮೀನು. ಹೈನುಗಾರರ ಹೊಲ, ಹುಲ್ಲುಗಾವಲು, ಮರ ಕಡಿಯುವವರ ಕಾಡು, ಕಣಿವೆಯ ತಳದಲ್ಲಿ ಸಣ್ಣ ಸಣ್ಣ ಊರುಗಳು. ಅಂದರೆ ನಗರದ ಕುಡಿಯುವ ನೀರು ಹುಟ್ಟುವುದು ಬೇರೆಯವರ ಮನೆ ಹಿತ್ತಲಲ್ಲಿ.

ಆ ಹಿತ್ತಲಿಗೂ ನಗರಕ್ಕೂ ಹಳೆಯ ವೈರ ಇತ್ತು. 1905ರಲ್ಲಿ ರಾಜ್ಯ ಒಂದು ಕಾನೂನು ಮಾಡಿ, ನೀರಿಗಾಗಿ ಕ್ಯಾಟ್ಸ್‌ಕಿಲ್‌ನಲ್ಲಿ ಜಮೀನು ವಶಪಡಿಸಿಕೊಳ್ಳುವ ಅಧಿಕಾರವನ್ನು ನಗರಕ್ಕೆ ಕೊಟ್ಟಿತು. 1907ರಲ್ಲಿ ಅಶೋಕನ್ ಜಲಾಶಯದ ಕೆಲಸ ಶುರುವಾಯಿತು. ಸುಮಾರು 2,000 ಜನ ಊರು ಬಿಟ್ಟರು. ಊರುಗಳ ಜೊತೆ ಸಮಾಧಿಗಳನ್ನೂ ಅಗೆದು ಬೇರೆಡೆ ಸಾಗಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. 1950ರ ದಶಕದಲ್ಲಿ ಪೆಪಾಕ್ಟನ್, 1960ರ ದಶಕದಲ್ಲಿ ಕ್ಯಾನನ್ಸ್‌ವಿಲ್ ಜಲಾಶಯಗಳು ತುಂಬಿದವು. ಅವುಗಳ ಕೆಳಗೂ ಊರುಗಳು ಮುಳುಗಿದವು. ಕ್ಯಾನನ್ಸ್‌ವಿಲ್‌ನಲ್ಲಿ ಮನೆ ಕಳೆದುಕೊಂಡ ಮಕ್ಕಳಿಗೆ 1990ರಲ್ಲಿ ನಲವತ್ತು, ಐವತ್ತು ವಯಸ್ಸು. ಇದನ್ನು ನೆನಪಿಟ್ಟುಕೊಳ್ಳದೆ ಮುಂದಿನದನ್ನು ಓದಿದರೆ ಹಳ್ಳಿಯವರು ಸುಮ್ನೆ ಹಟ ಮಾಡಿದರು ಅನ್ನಿಸಿಬಿಡುತ್ತದೆ.

1989ರ ನಿಯಮ, 1990ರ ಕರಡು

1986ರಲ್ಲಿ ಅಮೆರಿಕದ ಸಂಸತ್ತು ಕುಡಿಯುವ ನೀರಿನ ಕಾಯ್ದೆಗೆ ತಿದ್ದುಪಡಿ ತಂದಿತು. ಅದರಂತೆ 1989ರಲ್ಲಿ ಕೇಂದ್ರದ ಪರಿಸರ ರಕ್ಷಣಾ ಸಂಸ್ಥೆ ಹೊಸ ನಿಯಮ ಹೊರಡಿಸಿತು. ನದಿ, ಕೆರೆ, ಜಲಾಶಯದಿಂದ ನೀರು ಕೊಡುವವರು ಅದನ್ನು ಸೋಸಲೇಬೇಕು ಎಂಬುದು ಅದರ ಸಾರ. ಒಂದು ವಿನಾಯಿತಿ ಇತ್ತು. ನೀರು ಸಾಕಷ್ಟು ತಿಳಿಯಾಗಿರಬೇಕು, ಕ್ರಿಮಿಗಳ ಅಳತೆ ಮಿತಿಯೊಳಗಿರಬೇಕು. ಜೊತೆಗೆ, ನೀರನ್ನು ಕೆಡಿಸಬಹುದಾದ ಚಟುವಟಿಕೆಗಳ ಮೇಲೆ ತನಗೆ ಹಿಡಿತ ಇದೆ ಎಂದು ನೀರು ಕೊಡುವವರು ತೋರಿಸಬೇಕು. ಈ ಹಿಡಿತ ಜಮೀನಿನ ಒಡೆತನದಿಂದ ಬರಬಹುದು, ಅಥವಾ ಜಮೀನು ಇರುವವರ ಜೊತೆ ಮಾಡಿಕೊಂಡ ಲಿಖಿತ ಒಪ್ಪಂದದಿಂದ ಬರಬಹುದು.

ನಗರದ ಬಳಿ ಎರಡೂ ಇರಲಿಲ್ಲ. ಇದ್ದದ್ದು ಹಳ್ಳಿಗಳ ಮೇಲೆ ನಿಯಮ ಹೇರುವ ಹಳೆಯ ಅಧಿಕಾರ. ಅದನ್ನೇ ಬಳಸಿ 1990ರಲ್ಲಿ ನಗರದ ಪರಿಸರ ಇಲಾಖೆ ಒಂದು ಕರಡು ಹೊರಡಿಸಿತು. ಹೊಳೆಯ ಹತ್ತಿರ ಏನು ಕಟ್ಟಬಾರದು, ಗೊಬ್ಬರ ಎಲ್ಲಿ ಹರಡಬಾರದು, ಶೌಚದ ನೀರಿನ ಗುಂಡಿ ಎಲ್ಲಿರಬೇಕು, ಎಷ್ಟು ನೆಲಕ್ಕೆ ಡಾಂಬರು ಹಾಕಬಹುದು, ಎಲ್ಲವೂ ಅದರಲ್ಲಿತ್ತು. ನೀರಿನ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಅಸಂಬದ್ಧ ಏನೂ ಇರಲಿಲ್ಲ. ಆದರೆ ಕಣಿವೆಯ ತಳ ಇಕ್ಕಟ್ಟು. ಹೊಳೆ, ರಸ್ತೆ, ಮನೆ, ಕೊಟ್ಟಿಗೆ ಎಲ್ಲ ಅಕ್ಕಪಕ್ಕದಲ್ಲೇ ಇವೆ. ಹೊಳೆಯಿಂದ ಇಷ್ಟು ದೂರ ಬಿಡಿ ಎಂದರೆ ಎಷ್ಟೋ ರೈತರಿಗೆ ಉಳಿಯುವುದು ಗುಡ್ಡ ಮಾತ್ರ.

ಹಳ್ಳಿಗಳು ಸಿಡಿದೆದ್ದವು. 1991ರಲ್ಲಿ ಜಲಾನಯನದ ಟೌನ್‌ಗಳೆಲ್ಲ (ಊರುಗಳ ಸ್ಥಳೀಯ ಸರ್ಕಾರಗಳು) ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು, ಆಮೇಲೆ ಕೋರ್ಟಿಗೂ ಹೋದವು. ಒಬ್ಬೊಬ್ಬರೇ ಇದ್ದಾಗ ನಗರದ ವಕೀಲರ ಎದುರು ನಿಲ್ಲಲಾಗದ ಊರುಗಳು ಈಗ ಒಂದೇ ಧ್ವನಿಯಲ್ಲಿ ಮಾತನಾಡತೊಡಗಿದವು. ಇದು ನಗರಕ್ಕೆ ಸಂಕಟ ತಂದಿತು, ನಿಜ. ಆದರೆ ಮುಂದೆ ಒಪ್ಪಂದ ಸಾಧ್ಯವಾದದ್ದೂ ಇದರಿಂದಲೇ. ಚದುರಿದ ಹತ್ತಾರು ಊರುಗಳ ಜೊತೆ ಮಾತುಕತೆ ನಡೆಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ರೈತರ ಜೊತೆ ಮೊದಲ ಸುತ್ತು

1990ರಿಂದ 1993ರವರೆಗೆ ನಗರದ ಪರಿಸರ ಇಲಾಖೆಯ ಆಯುಕ್ತರಾಗಿದ್ದವರು ಆಲ್ಬರ್ಟ್ ಆಪಲ್‌ಟನ್. ಘಟಕ ಕಟ್ಟಿದರೆ ನಿರ್ಮಾಣದ ವೆಚ್ಚದ ಮೇಲೆ ವರ್ಷಕ್ಕೆ ಇನ್ನೂ 30 ಕೋಟಿ ಡಾಲರ್‌ನಷ್ಟು ನಡೆಸುವ ಖರ್ಚು ಬರುತ್ತದೆ ಎಂಬ ಅಂದಾಜು ಅವರ ಮುಂದಿತ್ತು. ಕರಡಿನ ಮೇಲೆ ಹಟ ಹಿಡಿಯುವುದನ್ನು ಬಿಟ್ಟು ಅವರು ರೈತರ ಜೊತೆ ಕೂತರು. ರಾಜ್ಯದ ಕೃಷಿ ಇಲಾಖೆ ಮಧ್ಯೆ ನಿಂತು ಮಾತಿಗೆ ಜಾಗ ಮಾಡಿಕೊಟ್ಟಿತು.

ರೈತರು ಕೇಳಿದ್ದು ಮೂರು. ಪ್ರತಿ ರೈತನಿಗೂ ಸೇರುವ, ಸೇರದಿರುವ ಸ್ವಾತಂತ್ರ್ಯ ಇರಬೇಕು. ಖರ್ಚು ನಗರ ಕೊಡಬೇಕು. ಕೆಲಸ ನಡೆಸುವುದು ರೈತರ ಸಂಸ್ಥೆಯೇ ಆಗಿರಬೇಕು. ನಗರ ಕೇಳಿದ್ದು ಒಂದು: ಐದು ವರ್ಷದಲ್ಲಿ ಶೇ. 85 ಹೊಲಗಳಾದರೂ ಸೇರಿರಬೇಕು. ಇದು ಜಾಣ ಲೆಕ್ಕ. ಒಬ್ಬ ರೈತನ ಮೇಲೆ ಒತ್ತಾಯ ಇಲ್ಲ, ಆದರೆ ಎಲ್ಲರೂ ಕೈಬಿಟ್ಟರೆ ಹಳೆಯ ನಿಯಮಗಳು ವಾಪಸ್ ಬರುವ ಭಯ ಇದೆ. ಹಾಗಾಗಿ ನೆರೆಯವರನ್ನು ಒಪ್ಪಿಸುವ ಕೆಲಸ ನೆರೆಯವರದೇ ಆಯಿತು. ವಾಲ್ಟನ್ ಊರಿನಲ್ಲಿ ಜಲಾನಯನ ಕೃಷಿ ಮಂಡಳಿ ಹುಟ್ಟಿತು, ಗುರಿಯನ್ನೂ ದಾಟಿತು.

ಹೊಲಗಳಲ್ಲಿ ಮಾಡಿದ ಕೆಲಸ ಕೇಳಲು ಬಹಳ ಸಾಮಾನ್ಯ. ಕೊಟ್ಟಿಗೆಯ ಅಂಗಳದ ನೀರು ನೇರ ಹೊಳೆಗೆ ಹೋಗದಂತೆ ತಿರುಗಿಸುವುದು. ಸಗಣಿ ಗೊಬ್ಬರ ಯಾವ ಹೊಲಕ್ಕೆ, ಯಾವಾಗ, ಎಷ್ಟು ಎಂದು ಬರೆದಿಡುವುದು. ದನ ಹೊಳೆಗೆ ಇಳಿಯದಂತೆ ಬೇಲಿ ಹಾಕಿ ಬೇರೆಡೆ ಕುಡಿಯುವ ನೀರು ಕೊಡುವುದು. ಎಳೆಗರುಗಳ ಮೇಲೆ ವಿಶೇಷ ಗಮನ. ಯಾಕೆಂದರೆ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರೋಪಜೀವಿಯನ್ನು ಜಾಸ್ತಿ ಹೊರಹಾಕುವುದು ಅವೇ. ಇದಕ್ಕೆ ಕ್ಲೋರಿನ್ ನಾಟುವುದಿಲ್ಲ. 1993ರ ವಸಂತದಲ್ಲಿ ಮಿಲ್ವಾಕೀ ನಗರದಲ್ಲಿ ಇದೇ ಪರೋಪಜೀವಿಯಿಂದ ಸುಮಾರು 4 ಲಕ್ಷ ಜನ ಹೊಟ್ಟೆ ಕೆಟ್ಟು ಮಲಗಿದರು. ಅಲ್ಲಿ ನೀರು ಸೋಸುವ ಘಟಕ ಇತ್ತು. ಘಟಕ ಇದ್ದರೆ ಸಾಕು, ಮೇಲೆ ಏನಾದರೂ ಆಗಲಿ ಎನ್ನುವ ವಾದ ಆ ವರ್ಷ ಬಹಳ ದುರ್ಬಲವಾಯಿತು.

ಒಂದು ಸೂಕ್ಷ್ಮ ಇಲ್ಲಿದೆ. ಪರಿಸರದವರು ಸಾಮಾನ್ಯವಾಗಿ ಹೊಲವನ್ನು ಮಾಲಿನ್ಯದ ಮೂಲ ಎಂದೇ ನೋಡುತ್ತಾರೆ. ಆದರೆ ಹೊಲ ಮುಚ್ಚಿಹೋದರೆ ಆ ಜಾಗದಲ್ಲಿ ಬರುವುದು ಕಾಡೇ ಅಂತ ಗ್ಯಾರಂಟಿ ಇಲ್ಲ. ಲೇಔಟ್ ಬರಬಹುದು, ರಸ್ತೆ ಬರಬಹುದು. ನೀರಿಗೆ ಚೆನ್ನಾಗಿ ನಡೆಯುವ ಹೊಲವೇ ವಾಸಿ ಎಂಬ ತೀರ್ಮಾನಕ್ಕೆ ನಗರ ಬಂದದ್ದು ಈ ಸುತ್ತಿನಲ್ಲಿ.

1997: ಯಾರು ಏನು ಬಿಟ್ಟುಕೊಟ್ಟರು

ರೈತರದ್ದು ಮುಗಿದರೂ ಟೌನ್‌ಗಳ ಜಗಳ ಮುಗಿದಿರಲಿಲ್ಲ. ಮುಖ್ಯ ತಕರಾರು ಜಮೀನು ಕೊಳ್ಳುವುದರ ಬಗ್ಗೆ. ಕೇಂದ್ರ ಸಂಸ್ಥೆ 1993ರಲ್ಲಿ ತಾತ್ಕಾಲಿಕ ವಿನಾಯಿತಿ ಕೊಟ್ಟಾಗ ನಗರ ಜಮೀನು ಕೊಳ್ಳಬೇಕು ಎಂದು ಹೇಳಿತ್ತು. ಕೊಳ್ಳಲು ರಾಜ್ಯದ ಅನುಮತಿ ಬೇಕು. ಟೌನ್‌ಗಳು ಅದನ್ನೇ ಹಿಡಿದು ನಿಂತವು. 1995ರಲ್ಲಿ ಗವರ್ನರ್ ಜಾರ್ಜ್ ಪಟಾಕಿ ಎಲ್ಲರನ್ನೂ ಒಂದೇ ಮೇಜಿಗೆ ಕರೆದರು. ಆ ವರ್ಷದ ಕೊನೆಗೆ ತಾತ್ವಿಕ ಒಪ್ಪಿಗೆ ಆಯಿತು. ಪೂರ್ಣ ಒಪ್ಪಂದಕ್ಕೆ ಸಹಿ ಬಿದ್ದದ್ದು ಜನವರಿ 21, 1997ರಂದು. ನಗರ, ರಾಜ್ಯ, ಕೇಂದ್ರದ ಸಂಸ್ಥೆ, ಕೌಂಟಿಗಳು (ಜಿಲ್ಲೆಯಂಥ ಆಡಳಿತ ವಿಭಾಗಗಳು), ಟೌನ್‌ಗಳು ಸಹಿ ಹಾಕಿದವು. ಜೊತೆಗೆ ರಿವರ್‌ಕೀಪರ್, ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್, ಓಪನ್ ಸ್ಪೇಸ್ ಇನ್‌ಸ್ಟಿಟ್ಯೂಟ್‌ನಂಥ ಪರಿಸರ, ಜಮೀನು ರಕ್ಷಣೆಯ ಸಂಘಟನೆಗಳೂ ಸಹಿ ಹಾಕಿದವು.

ಟೌನ್‌ಗಳು ಬಿಟ್ಟುಕೊಟ್ಟದ್ದು: ಕೋರ್ಟ್ ಕೇಸು, ಮತ್ತು ಹೊಸ ನಿಯಮಗಳಿಗೆ ವಿರೋಧ. ನಿಯಮಗಳು 1990ರ ಕರಡಿಗಿಂತ ಮೆತ್ತಗಾಗಿದ್ದವು, ಆದರೂ ನಿಯಮಗಳೇ.

ನಗರ ಬಿಟ್ಟುಕೊಟ್ಟದ್ದರ ಪಟ್ಟಿ ಉದ್ದ. ಅದರಲ್ಲಿ ಮೊದಲನೆಯದೇ ದೊಡ್ಡದು. ಈ ಕಾರ್ಯಕ್ರಮದಲ್ಲಿ ಬಲವಂತದ ಭೂಸ್ವಾಧೀನ ಇಲ್ಲ. ಮಾರಲು ಮನಸ್ಸಿದ್ದವರಿಂದ ಮಾತ್ರ, ಮಾರುಕಟ್ಟೆ ಬೆಲೆಗೆ ಖರೀದಿ. 1905ರಲ್ಲಿ ಸಿಕ್ಕ ಅಸ್ತ್ರವನ್ನು ನಗರ ತಾನಾಗಿ ಕೆಳಗಿಟ್ಟಿತು. ನಂತರದ್ದು ತೆರಿಗೆ. ಕೊಂಡ ಜಮೀನಿಗೆ ನಗರ ಬೇರೆಲ್ಲ ಮಾಲೀಕರಂತೆ ಸ್ಥಳೀಯ ಆಸ್ತಿ ತೆರಿಗೆ ಕಟ್ಟುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಸಣ್ಣ ಟೌನ್‌ನ ಶಾಲೆ ನಡೆಯುವುದೇ ಆಸ್ತಿ ತೆರಿಗೆಯಿಂದ. ರಕ್ಷಿತ ಪ್ರದೇಶ ಬಂತು ಎಂದರೆ ಆದಾಯ ಹೋಯಿತು ಎಂದು ಊರಿನವರು ಹೆದರುವುದು ಇದಕ್ಕೇ. ಆ ಹೆದರಿಕೆಯ ಬುಡವನ್ನೇ ಒಪ್ಪಂದ ಕತ್ತರಿಸಿತು.

ಮೂರನೆಯದು ನನಗೆ ಬಹಳ ಇಷ್ಟವಾದ ಕಲಮು. ನಗರಕ್ಕೆ ಇಂತಿಷ್ಟು ಎಕರೆ ಕೊಳ್ಳಬೇಕು ಎಂಬ ಗುರಿ ಹಾಕಲಿಲ್ಲ. ಬದಲಿಗೆ 3,55,050 ಎಕರೆಯ ಮಾಲೀಕರನ್ನು ಹೋಗಿ ಕೇಳಬೇಕು ಎಂದು ಹಾಕಿದರು. ಕೇಳುವುದು ಕಡ್ಡಾಯ, ಮಾರುವುದು ಅವರಿಷ್ಟ. ಕೊಳ್ಳುವ ಗುರಿ ಇದ್ದಿದ್ದರೆ ಅಧಿಕಾರಿಗಳು ವರ್ಷದ ಕೊನೆಗೆ ಒತ್ತಡ ಹಾಕುತ್ತಿದ್ದರು, ಅಲ್ವಾ? ಜೊತೆಗೆ ಊರಿನ ನಡುಭಾಗವನ್ನು ಗುರುತಿಸಿ, ಅಲ್ಲಿ ನಗರ ಜಮೀನು ಕೊಳ್ಳಬಾರದು ಎಂದು ಹೇಳುವ ಹಕ್ಕು ಟೌನ್‌ಗಳಿಗೆ ಸಿಕ್ಕಿತು. ಊರು ಬೆಳೆಯಲು ಒಂದಿಷ್ಟು ಜಾಗ ಬೇಕಲ್ಲ.

ಜಮೀನು ಮಾರಲು ಇಷ್ಟವಿಲ್ಲದವರಿಗೆ ಇನ್ನೊಂದು ದಾರಿ ಇತ್ತು. ಜಮೀನು ಅವರ ಹೆಸರಲ್ಲೇ ಇರುತ್ತದೆ, ಸಾಗುವಳಿಯೂ ಅವರದೇ. ಅದನ್ನು ಸೈಟು ಮಾಡಿ ಮಾರುವ, ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ದುಡ್ಡು ಪಡೆದು ಬಿಟ್ಟುಕೊಡುತ್ತಾರೆ. ಈ ಷರತ್ತು ಜಮೀನಿನ ಜೊತೆಗೇ ಹೋಗುತ್ತದೆ. ಮಗನಿಗೆ ಹೋದರೂ, ಮಾರಿದರೂ ಬಿಡುವುದಿಲ್ಲ. ಭೂ ಟ್ರಸ್ಟ್‌ಗಳಲ್ಲಿ ಕೆಲಸ ಮಾಡುವವರಿಗೆ ಇದು ದಿನನಿತ್ಯದ ಸಲಕರಣೆ. ಇದರ ಕಷ್ಟವೂ ಅವರಿಗೆ ಗೊತ್ತು. ಸಹಿ ಹಾಕಿಸುವುದು ಒಂದು ದಿನದ ಕೆಲಸ. ಷರತ್ತು ಪಾಲನೆಯಾಗುತ್ತಿದೆಯೇ ಎಂದು ವರ್ಷ ವರ್ಷ ಹೋಗಿ ನೋಡುವುದು ಮುಗಿಯದ ಕೆಲಸ.

ಇನ್ನು ಹಣದ ಭಾಗ. ಜಮೀನಿಗೆ 25 ಕೋಟಿ ಡಾಲರ್. ಬೆಟ್ಟದ ಊರುಗಳ ಕೊಳಚೆ ನೀರು ಘಟಕಗಳನ್ನು ಮೇಲ್ದರ್ಜೆಗೆ ಏರಿಸುವ ಖರ್ಚು ಪೂರ್ತಿ ನಗರದ್ದು. ಮನೆಗಳ ಸೆಪ್ಟಿಕ್ ಟ್ಯಾಂಕ್ ದುರಸ್ತಿಗೂ ನಗರದ ದುಡ್ಡು. ಹೀಗೆ ಸಾವಿರಾರು ಟ್ಯಾಂಕ್‌ಗಳು ಸರಿಯಾದವು. ಸ್ಥಳೀಯ ವ್ಯಾಪಾರಕ್ಕೆ ಸಾಲ ಕೊಡಲು ಸುಮಾರು 6 ಕೋಟಿ ಡಾಲರ್‌ನ ನಿಧಿ. ಇವುಗಳಲ್ಲಿ ಹೆಚ್ಚಿನದನ್ನು ನಡೆಸುವುದು ಕ್ಯಾಟ್ಸ್‌ಕಿಲ್ ವಾಟರ್‌ಶೆಡ್ ಕಾರ್ಪೊರೇಷನ್ ಎಂಬ ಸ್ಥಳೀಯ ಸಂಸ್ಥೆ. ಅದರ ಮಂಡಳಿಯಲ್ಲಿ ಬಹುಮತ ಊರಿನವರದು. ಸೆಪ್ಟಿಕ್ ಟ್ಯಾಂಕ್ ನೋಡಲು ಮನೆ ಬಾಗಿಲಿಗೆ ಬರುವವರು ನಗರದ ಇನ್‌ಸ್ಪೆಕ್ಟರ್ ಆದರೆ ಒಂದು ರೀತಿ, ಪಕ್ಕದೂರಿನ ಪರಿಚಿತರಾದರೆ ಇನ್ನೊಂದು ರೀತಿ.

ನದಿ ಮಾತು ಕೇಳದಾಗ

ಒಪ್ಪಂದ ಜನರನ್ನು ಒಂದು ದಾರಿಗೆ ತಂದಿತು. ಹೊಳೆಗಳು ಅಷ್ಟು ಸುಲಭಕ್ಕೆ ಬರುವುದಿಲ್ಲ. ಕ್ಯಾಟ್ಸ್‌ಕಿಲ್ ವ್ಯವಸ್ಥೆಯ ದೊಡ್ಡ ತಲೆನೋವು ಜೇಡಿಮಣ್ಣು. ಹಿಮಯುಗದ ಕೆರೆಗಳ ತಳದಲ್ಲಿ ಕೂತಿದ್ದ ನುಣ್ಣನೆ ಜೇಡಿ ಈಗ ಎಸೋಪಸ್ ಮತ್ತು ಸ್ಕೊಹ್ಯಾರಿ ಹೊಳೆಗಳ ದಂಡೆಯಲ್ಲಿದೆ. ದೊಡ್ಡ ಮಳೆಗೆ ದಂಡೆ ಕುಸಿದರೆ ನೀರು ಕೆಂಪಾಗುತ್ತದೆ, ವಾರಗಟ್ಟಲೆ ತಿಳಿಯಾಗುವುದಿಲ್ಲ. ಇದು ಯಾರದೋ ಕೊಳಚೆಯಲ್ಲ, ಭೂಮಿಯೇ ಹಾಗಿದೆ. ಆದರೆ ಸೋಸದ ನೀರು ನಗರದ ಕೊಳವೆ ಸೇರುವಾಗ ಅದರ ಕಲಕು, ಅಂದರೆ ಎಷ್ಟು ಮಬ್ಬಾಗಿದೆ ಎಂಬ ಅಳತೆ, 5 ಮಾನ ಮೀರಬಾರದು ಎಂಬ ನಿಯಮಕ್ಕೆ ಕಾರಣ ಬೇಕಿಲ್ಲ. ಮೀರುವ ಹಾಗಾದಾಗ ನಗರಕ್ಕೆ ಹತ್ತಿರದ ಕೆನ್ಸಿಕೊ ಜಲಾಶಯಕ್ಕೆ ಬರುವ ನೀರಿಗೆ ಆಲಂ (ಪಟಿಕ) ಹಾಕಿ ಮಣ್ಣನ್ನು ತಳಕ್ಕೆ ಕೂರಿಸುತ್ತಾರೆ. ಆ ಮಣ್ಣು ಮತ್ತು ಆಲಂ ಅಲ್ಲೇ ಜಮೆಯಾಗುವುದು ಇನ್ನೊಂದು ಜಗಳ.

ಆಗಸ್ಟ್ 2011ರಲ್ಲಿ ಐರೀನ್ ಚಂಡಮಾರುತದ ಮಳೆ ಬಂತು. ಪ್ರಾಟ್ಸ್‌ವಿಲ್ ಊರು ಹೆಚ್ಚುಕಡಿಮೆ ಕೊಚ್ಚಿಹೋಯಿತು. ಮಾರ್ಗರೆಟ್‌ವಿಲ್‌ನ ಅಂಗಡಿ ಬೀದಿಗೆ ನೀರು ನುಗ್ಗಿತು. ಆಲಂ ತಿಂಗಳುಗಟ್ಟಲೆ ಹಾಕಬೇಕಾಯಿತು. ನೆರೆ ಇಳಿದ ಮೇಲೆ ಎಲ್ಲ ಕಡೆ ಆಗುವುದೇ ಅಲ್ಲೂ ಆಯಿತು. ಯಂತ್ರ ಇಳಿಸಿ ಹೊಳೆಯನ್ನು ಆಳವಾಗಿ, ನೇರವಾಗಿ ಬಗೆದರು. ನೇರ ಮಾಡಿದ ಹೊಳೆ ಜೋರಾಗಿ ಓಡುತ್ತದೆ, ಕೆಳಗಿನ ದಂಡೆಯನ್ನು ಇನ್ನಷ್ಟು ಕೊರೆಯುತ್ತದೆ. ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಇದನ್ನು ಹೇಳುವುದು ಕಷ್ಟ. ಕೌಂಟಿಗಳ ಮಣ್ಣು ಮತ್ತು ನೀರು ಸಂರಕ್ಷಣಾ ಕಚೇರಿಗಳ ಹೊಳೆ ತಜ್ಞರು ಯಂತ್ರ ಓಡಿಸುವವರಿಗೇ ತರಬೇತಿ ಕೊಟ್ಟರು: ಹೊಳೆಯ ಅಗಲ ಎಷ್ಟಿರಬೇಕು, ನೆರೆ ಹರಡಲು ಬಯಲನ್ನು ಎಲ್ಲಿ ಬಿಡಬೇಕು ಎಂದು. ಇಡೀ ಕಾರ್ಯಕ್ರಮದಲ್ಲಿ ಇದಕ್ಕೆ ಸಿಗುವ ಪ್ರಚಾರ ಕಡಿಮೆ. ನನ್ನ ಕಣ್ಣಿಗೆ ಇದು ಜಮೀನು ಖರೀದಿಯಷ್ಟೇ ಮುಖ್ಯ. ಎಸೋಪಸ್‌ನ ಉಪನದಿ ಸ್ಟೋನಿ ಕ್ಲೋವ್‌ನಲ್ಲಿ ಒಂದಾದ ಮೇಲೊಂದು ಕುಸಿತದ ಜಾಗಗಳನ್ನು ಸರಿಪಡಿಸಿದಾಗ ನೀರಿನ ಕಲಕು ಇಳಿದದ್ದು ಅಳತೆಯಲ್ಲೇ ಕಂಡಿತು.

ಕ್ರೋಟನ್ ಎಂಬ ಹೋಲಿಕೆ

ಇದೇ ನಗರ, ಇದೇ ಇಲಾಖೆ, ಇದೇ ಒಪ್ಪಂದ. ಆದರೂ ಕ್ರೋಟನ್‌ನಲ್ಲಿ ಸೋತರು. ನಗರಕ್ಕೆ ಹತ್ತಿರ ಇದ್ದದ್ದೇ ಅದಕ್ಕೆ ಮುಳುವಾಯಿತು. 1997ಕ್ಕೆ ಬಹಳ ಮೊದಲೇ ಅಲ್ಲಿ ಮನೆ, ರಸ್ತೆ, ಮಾಲ್‌ಗಳು ತುಂಬಿದ್ದವು. ಕೊನೆಗೆ ಬ್ರಾಂಕ್ಸ್‌ನ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕಿನ ಕೆಳಗೆ ಶೋಧನಾ ಘಟಕ ಕಟ್ಟಿದರು. 2015ರಲ್ಲಿ ಶುರುವಾದ ಆ ಘಟಕಕ್ಕೆ 300 ಕೋಟಿ ಡಾಲರ್‌ಗೂ ಮೀರಿ ಖರ್ಚಾಯಿತು. ಅದೂ ನಗರದ ನೀರಿನ ಹತ್ತನೇ ಒಂದು ಭಾಗಕ್ಕಾಗಿ.

ಪಶ್ಚಿಮದ ನೀರಿಗೂ ಯಂತ್ರ ಪೂರ್ತಿ ತಪ್ಪಲಿಲ್ಲ. ಕ್ರಿಪ್ಟೋಸ್ಪೊರಿಡಿಯಮ್‌ಗಾಗಿ ಅತಿನೇರಳೆ ಕಿರಣದ ದೊಡ್ಡ ಘಟಕ 2010ರ ದಶಕದ ಆರಂಭದಲ್ಲಿ ಬಂತು. "ಕಾಡೇ ಫಿಲ್ಟರ್" ಎನ್ನುವ ಭಾಷಣಗಳಲ್ಲಿ ಇದರ ಹೆಸರು ಬರುವುದಿಲ್ಲ. ಇನ್ನೊಂದು ವಿಮರ್ಶೆಯೂ ನ್ಯಾಯವಾದದ್ದೇ: 1990ರಲ್ಲಿ ಕ್ಯಾಟ್ಸ್‌ಕಿಲ್ ನೀರು ಚೆನ್ನಾಗಿಯೇ ಇತ್ತು. ಕೊಳಕಾಗಿದ್ದ ನೀರನ್ನು ಒಪ್ಪಂದ ತಿಳಿ ಮಾಡಲಿಲ್ಲ, ಕೆಡದಂತೆ ನೋಡಿಕೊಂಡಿತು. ಈಗಾಗಲೇ ಕೆಟ್ಟಿರುವ ನದಿಗೆ ಇದೇ ಲೆಕ್ಕ ತೋರಿಸಿ ದುಡ್ಡು ಕೇಳುವವರು ಹುಷಾರಾಗಿರಬೇಕು.

ಈಗಿನ ತಕರಾರು

ಸೋಸದೆ ನೀರು ಕೊಡುವ ವಿನಾಯಿತಿ ಕಾಯಂ ಅಲ್ಲ. ಅವಧಿ ಮುಗಿದಂತೆ ನವೀಕರಿಸಬೇಕು. 2007ರಲ್ಲಿ ಹತ್ತು ವರ್ಷಕ್ಕೆ, 2017ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಸಿಕ್ಕಿತು. ಪ್ರತಿ ಸಲ ಮೇಜು ಮತ್ತೆ ಹಾಕಬೇಕು. ಒಪ್ಪಂದದ ನಂತರ ನಗರ 1,50,000 ಎಕರೆಗೂ ಹೆಚ್ಚು ಜಮೀನನ್ನು ಕೊಂಡೋ, ಕಟ್ಟಡದ ಹಕ್ಕು ಪಡೆದೋ ರಕ್ಷಿಸಿದೆ. ಟೌನ್‌ಗಳು ಈಗ ಸಾಕು ಎನ್ನುತ್ತಿವೆ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ತಜ್ಞರ ಸಮಿತಿ ಇಡೀ ಕಾರ್ಯಕ್ರಮವನ್ನು ಪರಿಶೀಲಿಸಿತು. ನೀರಿಗೆ ಹೆಚ್ಚು ಲಾಭ ಇಲ್ಲದ ದೂರದ ಜಮೀನು ಕೊಳ್ಳುವುದಕ್ಕಿಂತ ಆ ಹಣವನ್ನು ಬೇರೆ ಕೆಲಸಗಳಿಗೆ ತಿರುಗಿಸುವುದು ಒಳ್ಳೆಯದು ಎಂಬ ಕಡೆಗೆ ಅದರ ಸಲಹೆ ವಾಲಿತು.

ಇಲ್ಲೊಂದು ಗಂಟು ಇದೆ. ಐರೀನ್ ನಂತರ ನೆರೆ ಬರುವ ಜಾಗದ ಮನೆಗಳನ್ನು ನಗರವೇ ದುಡ್ಡು ಕೊಟ್ಟು ಕೊಳ್ಳುವ ಕಾರ್ಯಕ್ರಮ ಬಂತು. ಮನೆ ಕೆಡವಿ ಜಾಗವನ್ನು ಹೊಳೆಗೆ ಬಿಡುತ್ತಾರೆ. ನೀರಿಗೂ ಒಳ್ಳೆಯದು, ಜೀವಕ್ಕೂ ಒಳ್ಳೆಯದು. ಆದರೆ ಆ ಮನೆಯವರು ಎಲ್ಲಿಗೆ ಹೋಗಬೇಕು? ಕಣಿವೆಯಲ್ಲಿ ನೆರೆ ತಲುಪದ, ಸಪಾಟಾದ, ರಸ್ತೆಗೆ ಹತ್ತಿರದ ನೆಲ ಕಡಿಮೆ. ಅಂಥ ನೆಲ ರಕ್ಷಿತ ಜಮೀನಿನ ಪಟ್ಟಿ ಸೇರಿದರೆ ಊರು ಮೇಲಕ್ಕೆ ಸರಿಯಲು ಆಗುವುದಿಲ್ಲ. ಸರಿಯಲು ಜಾಗ ಸಿಗದ ಕುಟುಂಬ ಕೌಂಟಿಯನ್ನೇ ಬಿಡುತ್ತದೆ. ಆಮೇಲೆ ಕೃಷಿ ಮಂಡಳಿಗೆ, ಸೆಪ್ಟಿಕ್ ಕಾರ್ಯಕ್ರಮಕ್ಕೆ, ಹೊಳೆ ಕೆಲಸಕ್ಕೆ ಸ್ಥಳೀಯರು ಎಲ್ಲಿಂದ ಬರಬೇಕು? ಹಾಗಾಗಿ ಮುಂದಿನ ನವೀಕರಣದಲ್ಲಿ ಎಷ್ಟು ಎಕರೆ ರಕ್ಷಿಸುತ್ತಾರೆ ಎಂಬುದಕ್ಕಿಂತ, ಊರುಗಳಿಗಾಗಿ ಯಾವ ಎಕರೆಯನ್ನು ಮುಟ್ಟದೆ ಬಿಡುತ್ತಾರೆ ಎಂಬ ನಕ್ಷೆಯನ್ನು ನಾನು ಮೊದಲು ನೋಡುತ್ತೇನೆ.